ರಜೆ ಕೇಳಲು ಕಾಯಿಲೆ ಏಕೆ ಬೇಕು?

ಸುಲ್ತಾನ್‌ಪೇಟೆಯಂಥ ಜಾಗದಲ್ಲಿ ಜನರಲ್ ಪ್ರಾಕ್ಟೀಸ್ ಮಾಡುವ ವೈದ್ಯನ ಬಳಿಗೆ ಎರಡು ಬಗೆಯ ಜನ ಬರುತ್ತಾರೆ. ಕಾಯಿಲೆಗೆ ಔಷಧಿ ಬೇಕಾದವರು ಮೊದಲನೆಯವರು. ಕಾಯಿಲೆ ಇಲ್ಲದಿದ್ದರೂ ಕಾಯಿಲೆಯ ಸರ್ಟಿಫಿಕೇಟ್ ಬೇಕಾದವರು ಎರಡನೆಯವರು. ‘ಎರಡು ದಿನ ವೈರಲ್ ಜ್ವರ ಅಂತ ಬರೆದುಕೊಡಿ ಡಾಕ್ಟ್ರೇ, ಸಾಕು’ ಎನ್ನುತ್ತಾರೆ. ಇವರಲ್ಲಿ ಆಫ್‌ಸೆಟ್ ಪ್ರೆಸ್ಸಿನ ಮಶೀನ್ ಆಪರೇಟರ್ ಇದ್ದಾರೆ, ಪೇಪರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳಿದ್ದಾಳೆ, ಬಳೇಪೇಟೆಯ ಹಳೆಯ ಮನೆಯಿಂದ ದಿನವೂ ವೈಟ್‌ಫೀಲ್ಡಿಗೆ ಹೋಗಿಬರುವ ಸಾಫ್ಟ್‌ವೇರ್ ಎಂಜಿನಿಯರ್ ಕೂಡ ಇದ್ದಾನೆ.

ನಿಜವಾದ ಕಾರಣ ಏನೆಂದು ಕೇಳಿದರೆ ಹೇಳುತ್ತಾರೆ. ಅಮ್ಮನ ಕಣ್ಣಿನ ಪೊರೆಯ ಆಪರೇಷನ್, ಮಗುವಿನ ಸ್ಕೂಲ್ ಅಡ್ಮಿಷನ್, ಊರಿನಲ್ಲಿ ಜಮೀನಿನ ಕೆಲಸ. ಕೆಲವರಿಗೆ ಇವು ಯಾವುವೂ ಇಲ್ಲ, ಬರೀ ದಣಿವು. ಸುಳ್ಳು ಸರ್ಟಿಫಿಕೇಟ್ ಕೊಡುವುದು ನಮ್ಮ ವೃತ್ತಿಯ ನಿಯಮಕ್ಕೆ ವಿರುದ್ಧ, ಆದುದರಿಂದ ನಾನು ಕೊಡುವುದಿಲ್ಲ. ಆದರೆ ಅವರನ್ನು ಬೈದು ಕಳಿಸುವುದರಿಂದ ಪ್ರಯೋಜನವೂ ಇಲ್ಲ. ತಾಯಿಯ ಆಪರೇಷನ್ ಎಂದು ನೇರವಾಗಿ ಹೇಳಿದರೆ ಸಿಗದ ರಜೆ ಜ್ವರ ಎಂದು ಸುಳ್ಳು ಹೇಳಿದರೆ ಸಿಗುತ್ತದೆ ಎಂದಾದರೆ, ಕಾಯಿಲೆ ಇರುವುದು ನೌಕರನಲ್ಲೋ, ಕೆಲಸದ ಜಾಗದಲ್ಲೋ?

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಮಾನವ ಸಂಪನ್ಮೂಲ ವಿಭಾಗದವರು, ಎಲ್ಲರ ಬಾಯಲ್ಲಿರುವ ಹೆಸರಿನಲ್ಲಿ ಎಚ್.ಆರ್.ನವರು. ಈ ವಿಭಾಗಕ್ಕೂ ಆರೋಗ್ಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಹತ್ತಿರದ ಸಂಬಂಧವೇ ಇದೆ. 1948ರ ಕಾರ್ಖಾನೆ ಕಾಯ್ದೆಯು 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಬೇಕೆಂದು ವಿಧಿಸಿತು. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್.ಗಳಿಂದ ಬೆಳೆದ ನಮ್ಮ ಬೆಂಗಳೂರಿಗೆ ಈ ಹುದ್ದೆ ಹೊಸದಲ್ಲ. ಕ್ಯಾಂಟೀನಿನ ಊಟ ಸರಿಯಿಲ್ಲ, ಶಿಫ್ಟ್ ಬದಲಾಗಬೇಕು, ಮೇಸ್ತ್ರಿಯ ಕಾಟ ತಡೆಯಲಾಗುತ್ತಿಲ್ಲ ಎಂದು ಹೋಗಿ ಹೇಳಿಕೊಳ್ಳಲು ಅಲ್ಲಿ ಒಂದು ಮೇಜು, ಒಬ್ಬ ಮನುಷ್ಯ ಇರಬೇಕೆಂಬುದು ಕಾನೂನಿನ ಆಶಯ. ಮುಂದೆ ಅದು ಪರ್ಸನಲ್ ಡಿಪಾರ್ಟ್‌ಮೆಂಟ್ ಆಯಿತು, ಆಮೇಲೆ ಎಚ್.ಆರ್. ಆಯಿತು. ಹೆಸರು ದೊಡ್ಡದಾಗುತ್ತ ಹೋದ ಹಾಗೆ ಹೇಳಿಕೊಳ್ಳುವ ಆ ಮೇಜು ಮಾತ್ರ ದೂರವಾಗುತ್ತ ಹೋಯಿತೇನೋ ಎಂಬುದು ನನ್ನ ಅನುಮಾನ.

ಹೇಳಿಕೊಳ್ಳಲು ಜಾಗವಿಲ್ಲದಾಗ ಮೈಯಲ್ಲಿ ಏನಾಗುತ್ತದೆ ನೋಡಿ. ಭಯ ಅಥವಾ ಒತ್ತಡ ಬಂದಾಗ ದೇಹವು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ಸುರಿಸುತ್ತದೆ. ಎದೆಬಡಿತ, ರಕ್ತದೊತ್ತಡ, ರಕ್ತದಲ್ಲಿನ ಸಕ್ಕರೆ ಏರುತ್ತವೆ. ಹತ್ತು ನಿಮಿಷದ ಅಪಾಯಕ್ಕೆ ಇದು ಒಳ್ಳೆಯ ಏರ್ಪಾಟೇ. ಆದರೆ ‘ನಾಳೆ ಏನನ್ನುತ್ತಾರೋ’ ಎಂಬ ಅಳುಕು ವರ್ಷಗಟ್ಟಲೆ ಇದ್ದರೆ ಅದೇ ಏರ್ಪಾಟು ನಮಗೆ ಮುಳುವಾಗುತ್ತದೆ. ನಿದ್ದೆ ಕೆಡುತ್ತದೆ, ಹೊಟ್ಟೆಯುರಿ ಶುರುವಾಗುತ್ತದೆ, ಬಿ.ಪಿ. ಮಾತ್ರೆ ಒಂದಿದ್ದದ್ದು ಎರಡಾಗುತ್ತದೆ.

ಲಂಡನ್ನಿನ ಸರ್ಕಾರಿ ಕಚೇರಿಗಳ ಹತ್ತು ಸಾವಿರಕ್ಕೂ ಹೆಚ್ಚು ನೌಕರರನ್ನು ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು 1985ರಿಂದ ಗಮನಿಸುತ್ತ ಬಂದರು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚು ಎಂದು ಕಂಡುಬಂತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯು ಹೊಡೆಯುವ ಸಂಭವ ಶೇಕಡ 35ರಷ್ಟು ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಶೇಕಡ 17ರಷ್ಟು ಹೆಚ್ಚು. ಹೀಗಿರುವಾಗ ಯಾರಿಗೆ ಎಷ್ಟು ಗಂಟೆ ಕೆಲಸ, ಯಾವಾಗ ರಜೆ ಎಂದು ನಿರ್ಧರಿಸುವ ಮನುಷ್ಯ ಗೊತ್ತಿಲ್ಲದೆಯೇ ಅರ್ಧ ವೈದ್ಯನಾಗಿರುತ್ತಾನೆ.

ಪೇಟೆಯ ಅಂಗಡಿಗಳಲ್ಲಿ ಎಚ್.ಆರ್. ವಿಭಾಗ ಎಲ್ಲಿಂದ ಬರಬೇಕು ಎನ್ನಬೇಡಿ. ಐದು ಜನ ದುಡಿಯುವ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂತ ಯಜಮಾನರೇ ಎಚ್.ಆರ್. ಕಾನೂನು ಅವರಿಗೂ ಇದೆ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ವಾರಕ್ಕೊಂದು ರಜೆ, ದುಡಿದ ಪ್ರತಿ 20 ದಿನಕ್ಕೆ ಒಂದು ದಿನದ ಗಳಿಕೆ ರಜೆ ಅದರಲ್ಲಿವೆ. ಇವಲ್ಲದೆ ವರ್ಷಕ್ಕೆ 12 ದಿನದವರೆಗೆ ಸಂಬಳಸಹಿತ ರಜೆ ಇದೆ. ಈ ರಜೆಯನ್ನು ಕಾಯಿಲೆಗೆ, ಅಪಘಾತಕ್ಕೆ ‘ಅಥವಾ ಬೇರೆ ಯಾವುದೇ ಸಮಂಜಸ ಕಾರಣಕ್ಕೆ’ ಪಡೆಯಬಹುದು ಎಂಬುದು ಕಾಯ್ದೆಯ ತಾತ್ಪರ್ಯ. ತಾಯಿಯ ಕಣ್ಣಿನ ಆಪರೇಷನ್ ಸಮಂಜಸ ಕಾರಣವಲ್ಲವೆಂದು ಯಾರು ಹೇಳಿಯಾರು? ಅರವತ್ತು ವರ್ಷಕ್ಕೂ ಹಿಂದಿನ ಕಾನೂನು ಇಷ್ಟು ಮನುಷ್ಯತ್ವ ತೋರಿಸಿರುವಾಗ ನಾವು ಇವತ್ತು ಜ್ವರದ ನೆಪ ಹುಡುಕುತ್ತಿದ್ದೇವೆ.

ಯಜಮಾನರ ಕಷ್ಟ ನನಗೆ ಅರ್ಥವಾಗುವುದಿಲ್ಲವೆಂದಲ್ಲ. ಅವರಲ್ಲೂ ಅನೇಕರು ನನ್ನ ಬಳಿ ಬಿ.ಪಿ.ಗೆ ಔಷಧಿ ತೆಗೆದುಕೊಳ್ಳುವವರೇ. ವೈಶಾಖದ ಮದುವೆ ಸೀಸನ್ನಿನಲ್ಲಿ ಲಗ್ನಪತ್ರಿಕೆ ನಾಳೆಯೇ ಬೇಕೆಂದು ಗಿರಾಕಿ ನಿಂತಿರುವಾಗ ಇರುವ ಒಬ್ಬ ಮಶೀನಿನವನೂ ಬರದಿದ್ದರೆ ಏನು ಮಾಡುವುದು? ನ್ಯಾಯವಾದ ಮಾತು. ಆದರೆ ಆಷಾಢದಲ್ಲಿ ಅದೇ ಮಶೀನು ಸುಮ್ಮನೆ ನಿಂತಿರುತ್ತದಲ್ಲ? ಸೀಸನ್ನಿನಲ್ಲಿ ಹೆಚ್ಚು ದುಡಿದವರಿಗೆ ಓವರ್‌ಟೈಂ ಕೊಟ್ಟು, ಆಷಾಢದಲ್ಲಿ ಅವರ ಗಳಿಕೆ ರಜೆಯನ್ನು ತಾವಾಗಿಯೇ ಕರೆದು ಕೊಡಬಹುದು. ಯಾರು ಯಾವ ದಿನ ರಜೆ ಎಂದು ವಾರ ಮೊದಲೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬಹುದು. ಇದಕ್ಕೆ ಎಂ.ಬಿ.ಎ. ಬೇಕಿಲ್ಲ. ನಾಳೆ ಏನೆಂದು ಇಂದೇ ಗೊತ್ತಿದ್ದರೆ ಅರ್ಧ ಚಿಂತೆ ಕಡಿಮೆಯಾಗುತ್ತದೆ.

ಇನ್ನೊಂದು ವಿಷಯ, ಮುಂದಿನ ದಾರಿ. ನೌಕರ ಹತ್ತು ವರ್ಷದ ನಂತರ ಎಲ್ಲಿರುತ್ತಾನೆ ಎಂದು ಯೋಚಿಸುವುದೂ ಎಚ್.ಆರ್. ಕೆಲಸವೇ. ನಮ್ಮ ಪೇಟೆಯಲ್ಲೇ ಇದಕ್ಕೆ ಪಾಠವಿದೆ. ಒಂದು ಕಾಲಕ್ಕೆ ಮುದ್ರಣವೆಂದರೆ ಸೀಸದ ಮೊಳೆ ಜೋಡಿಸುವುದು. ಕಂಪ್ಯೂಟರಿನ ಡಿ.ಟಿ.ಪಿ. ಬಂದಾಗ ಮೊಳೆ ಜೋಡಿಸುವವರ ಕಸುಬು ಕೆಲವೇ ವರ್ಷಗಳಲ್ಲಿ ಮುಗಿಯಿತು. ಕೆಲವು ಯಜಮಾನರು ತಮ್ಮ ಹಳೆಯ ಕಂಪೋಸಿಟರನ್ನು ಕೀಬೋರ್ಡಿನ ಮುಂದೆ ಕೂರಿಸಿ ಕಲಿಸಿದರು. ತಪ್ಪಿಲ್ಲದೆ ಕನ್ನಡ ಬಲ್ಲ ಅಂಥವರು ಪ್ರೂಫ್ ನೋಡುವುದರಲ್ಲಿ ಹೊಸಬರಿಗಿಂತ ಒಂದು ಕೈ ಮೇಲಾದರು. ಕಲಿಸುವವರು ಸಿಗದವರು ಹಮಾಲಿಗೋ ವಾಚ್‌ಮನ್ ಕೆಲಸಕ್ಕೋ ಹೋದರು. ಈಗ ವಯಸ್ಸಾದ ಆ ಎರಡು ಬಗೆಯವರನ್ನೂ ನಾನು ನೋಡುತ್ತೇನೆ. ಸಕ್ಕರೆ ಕಾಯಿಲೆ ಇಬ್ಬರಿಗೂ ಇರಬಹುದು. ಆದರೆ ತಾನು ಕಲಿತದ್ದಕ್ಕೆ ಬೆಲೆ ಇತ್ತು ಎಂದುಕೊಂಡವನು ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಾನೆ. ‘ಇನ್ನೇನಿದೆ ಬಿಡಿ’ ಎಂದುಕೊಂಡವನು ಮಾತ್ರೆಯನ್ನೂ ಬಿಡುತ್ತಾನೆ. ಇವತ್ತು ಸಾಫ್ಟ್‌ವೇರಿನ ಮಕ್ಕಳೂ ಇದೇ ಅಳುಕಿನಲ್ಲಿದ್ದಾರೆ. ಹೊಸ ಯಂತ್ರವನ್ನು ತಂದವರೇ ಹಳೆಯ ನೌಕರನಿಗೆ ಅದನ್ನು ಕಲಿಸುವ ಹೊಣೆಯನ್ನೂ ಹೊರಬೇಕು.

ದೊಡ್ಡ ಕಂಪನಿಗಳ ಎಚ್.ಆರ್.ನವರಿಗೂ ಒಂದು ಮಾತು. ವರ್ಷಕ್ಕೊಮ್ಮೆ ಯೋಗ ದಿನ, ತಿಂಗಳಿಗೊಮ್ಮೆ ಬಿ.ಪಿ. ತಪಾಸಣೆ ಒಳ್ಳೆಯದೇ. ಆದರೆ ರಾತ್ರಿ ಹನ್ನೊಂದಕ್ಕೆ ಮೀಟಿಂಗ್ ಇಟ್ಟು ಬೆಳಿಗ್ಗೆ ಪ್ರಾಣಾಯಾಮ ಹೇಳಿಕೊಟ್ಟರೆ ಏನು ಬಂತು? ಕೆಲಸದ ಜಾಗದ ಒತ್ತಡ ತಗ್ಗದೆ ದೀರ್ಘಕಾಲ ಮುಂದುವರಿದಾಗ ಬರುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಎಂದು ತನ್ನ ಪಟ್ಟಿಯಲ್ಲಿ ವಿವರಿಸಿತು. ಅದನ್ನು ರೋಗವೆಂದು ಕರೆಯದೆ ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದಿತು. ಅಂದರೆ ಮದ್ದು ಮುಖ್ಯವಾಗಿ ಬೇಕಾದದ್ದು ಕೆಲಸಕ್ಕೆ. ಹೇಳಿಕೊಂಡ ಮಾತು ಮ್ಯಾನೇಜರ ಕಿವಿಗೆ ಬಿದ್ದು ಬಡ್ತಿಗೆ ಅಡ್ಡಬರುವುದಿಲ್ಲ ಎಂಬ ನಂಬಿಕೆ ಹುಟ್ಟಿಸಿ. ಅದಿಲ್ಲದೆ ನಿಮ್ಮ ಬಾಗಿಲು ಎಷ್ಟು ತೆರೆದಿದ್ದರೂ ಒಳಗೆ ಯಾರೂ ಬರುವುದಿಲ್ಲ.

ದುಡಿಯುವ ಓದುಗರೇ, ನೀವೂ ಸ್ವಲ್ಪ ಧೈರ್ಯ ಮಾಡಬೇಕು. ರಜೆಯನ್ನು ನಿಜವಾದ ಕಾರಣ ಬರೆದು, ಆದಷ್ಟು ಮುಂಚಿತವಾಗಿ ಕೇಳಿ. ಸುಳ್ಳು ಜ್ವರಗಳು ಹೆಚ್ಚಿದಷ್ಟೂ ನಿಜವಾಗಿ ಮಲಗಿದವನನ್ನು ನಂಬುವವರಿಲ್ಲದಂತಾಗುತ್ತದೆ. ಎರಡು ವಾರಕ್ಕೂ ಮೀರಿ ನಿದ್ದೆ ಬಾರದಿದ್ದರೆ, ಕೆಲಸಕ್ಕೆ ಹೊರಡುವಾಗಲೇ ಎದೆ ಡವಗುಟ್ಟಿದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಸರ್ಟಿಫಿಕೇಟಿಗಾಗಿ ಬೇಡ, ಚಿಕಿತ್ಸೆಗಾಗಿಯೇ ವೈದ್ಯರ ಬಳಿ ಹೋಗಿ. ಬದುಕೇ ಬೇಡ ಎನ್ನಿಸಿದರೆ ಒಂದು ಗಳಿಗೆಯೂ ಕಾಯಬೇಡಿ. ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಉಚಿತ ‘ಟೆಲಿ ಮಾನಸ್’ ಸೇವೆ, ಕನ್ನಡದಲ್ಲೇ ಮಾತಾಡಬಹುದು. ಎದೆಯಲ್ಲಿ ಹಿಂಡಿದಂಥ ನೋವು, ಜೊತೆಗೆ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಕೂರದೆ ತಕ್ಷಣ ಆಸ್ಪತ್ರೆ ಸೇರಿ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ ಹಿರಿಯರು. ಹಗಲಿಡೀ ಸಂತೆಯಂತಿರುವ ಈ ಪೇಟೆಯಲ್ಲಿ ದುಡಿಯುವವರ ಚಿಂತೆಯನ್ನೆಲ್ಲ ಯಜಮಾನರಾಗಲಿ ಎಚ್.ಆರ್. ಅಧಿಕಾರಿಯಾಗಲಿ ತೆಗೆದುಹಾಕಲಾರರು. ಆದರೆ ‘ಯಾಕಪ್ಪಾ ಮುಖ ಸಪ್ಪಗಿದೆ, ಏನಾಯಿತು?’ ಎಂದು ಕೇಳಿ, ಉತ್ತರ ಮುಗಿಯುವವರೆಗೂ ಕೇಳಿಸಿಕೊಳ್ಳಬಲ್ಲರು. ಅದಕ್ಕೆ ಐದು ನಿಮಿಷ ಸಾಕು, ಖರ್ಚೂ ಇಲ್ಲ.