ಅಳಲಿಕ್ಕೆ ಮಾತ್ರ ನಾವು ಬೇಕೆ?

ಮಾಳವಿಕಾ ಅವಿನಾಶ್ ಭರತನಾಟ್ಯ ಕಲಿತವರು, ಕಾನೂನು ಓದಿದವರು. ಟಿ.ಎನ್. ಸೀತಾರಾಂ ಬಳಗದ 'ಮಾಯಾಮೃಗ' ಧಾರಾವಾಹಿಯಲ್ಲಿ ನಾಡು ಅವರನ್ನು ಕಂಡಿತು. ತಮಿಳಿನಲ್ಲಿ ಬಾಲಚಂದರ್ ಅವರ ಧಾರಾವಾಹಿಯ 'ಅಣ್ಣಿ'ಯಾದರು. ಆ ನೆಟ್ಟಗಿನ ನಿಲುವು, ಮಾತಿಗಿಂತ ಮೊದಲೇ ಹೊರಳುವ ಕಣ್ಣು ಸುಮ್ಮನೆ ಬರುವುದಲ್ಲ. ಗೆಜ್ಜೆ ಕಟ್ಟಿ ಬೆವರು ಹರಿಸಿದವರಿಗೆ ದಕ್ಕುವಂಥದ್ದು. ಅಂಥ ಕಲಾವಿದೆಯನ್ನು ಖಾಸಗಿ ವಾಹಿನಿ ಕರೆದು ಕೂರಿಸಿದ್ದೆಲ್ಲಿ? 'ಬದುಕು ಜಟಕಾ ಬಂಡಿ'ಯಲ್ಲಿ, ಕಂಡವರ ಮನೆಯ ಜಗಳ ಬಿಡಿಸುವ ಕುರ್ಚಿಯಲ್ಲಿ.

ನನ್ನ ಸಿಟ್ಟು ಆ ಕುರ್ಚಿಯ ಮೇಲೆ ಕೂತವರ ಮೇಲಲ್ಲ. ಅದರ ಎದುರಿಗೆ ಯಾರನ್ನು ತಂದು ಕೂರಿಸಿದರು ಅನ್ನುವುದರ ಮೇಲೆ. ಬಡವರನ್ನು. ಗಂಡ ಬಿಟ್ಟವಳನ್ನು, ಓಡಿಹೋದ ಮಗಳ ತಾಯಿಯನ್ನು. ಉಳ್ಳವರ ಮನೆಯಲ್ಲಿ ಜಗಳವೇ ಇಲ್ಲವೇನು? ಇದೆ. ಅವರಿಗೆ ವಕೀಲರಿದ್ದಾರೆ, ಬಾಗಿಲಿಗೆ ಚಿಲಕವಿದೆ. ಅಳು ಮಾರುವ ಈ ಸಂತೆಗೆ ಸರಕು ನಾವು.

ಹೊಳಲ್ಕೆರೆಯ ತಾಂಡಾದ ಹುಡುಗಿ, ಹಿರಿಯೂರಿನ ಗೊಲ್ಲರಹಟ್ಟಿಯ ಹುಡುಗಿ ಅದೇ ಟಿವಿಯಲ್ಲಿ ನಾಯಕಿಯಾಗಿ ಬರಲಿ ನೋಡೋಣ. ಬರಲ್ಲ. ಧಾರಾವಾಹಿಗೆ ಹಳ್ಳಿಯ ಕಪ್ಪು ಹುಡುಗಿಯ ಕತೆ ಬೇಕು, ಆ ಹುಡುಗಿ ಬೇಡ. ಬೆಳ್ಳಗಿನ ಮುಖಕ್ಕೆ ಮಸಿ ಬಳಿದು ಕೆಲಸ ಮುಗಿಸುತ್ತಾರೆ. ಕೇಳಿದರೆ, 'ಟ್ರೇನಿಂಗ್ ಇಲ್ಲಮ್ಮ, ಕ್ಲಾಸಿಕಲ್ ಬರಬೇಕು' ಎಂಬ ಉತ್ತರ. ಆ ಕ್ಲಾಸಿಕಲ್ ಕಲಿಯಲು ತಿಂಗಳು ತಿಂಗಳು ಫೀಸು, ಕಡೆಗೆ ರಂಗಪ್ರವೇಶಕ್ಕೆ ಲಕ್ಷಗಟ್ಟಲೆ. ಜಮೀನು ಮಾರಿ ಗೆಜ್ಜೆ ಕಟ್ಟಬೇಕೆ?

ಇನ್ನೊಂದು ಹೆಸರು ಹೇಳುತ್ತೇನೆ, ಕಿವಿಗೊಟ್ಟು ಕೇಳಿ. ಕೆ. ವೆಂಕಟಲಕ್ಷ್ಮಮ್ಮ. ಹುಟ್ಟಿದ್ದು 1906ರಲ್ಲಿ, ನಮ್ಮ ಹೊಸದುರ್ಗಕ್ಕೆ ಅಂಟಿಕೊಂಡೇ ಇರುವ ಕಡೂರು ಸೀಮೆಯ ತಂಗಲಿ ತಾಂಡಾದಲ್ಲಿ. ಲಂಬಾಣಿ ಕೂಸು. ಜಟ್ಟಿ ತಾಯಮ್ಮನವರ ಕೈಯಲ್ಲಿ ಪಳಗಿ ಮೈಸೂರು ಅರಮನೆಯ ಆಸ್ಥಾನ ವಿದುಷಿಯಾದಳು. ಮೈಸೂರು ಶೈಲಿಯ ಭರತನಾಟ್ಯ ಇವತ್ತು ಉಸಿರಾಡುತ್ತಿದ್ದರೆ ಅದರಲ್ಲಿ ಈ ತಾಂಡಾದ ಮಗಳ ಪಾಲು ದೊಡ್ಡದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದಳು, 1992ರಲ್ಲಿ ಪದ್ಮಭೂಷಣ ಬಂತು. ಈಗ ಹೇಳಿ, ತಾಂಡಾಕ್ಕೆ ನಾಟ್ಯ ಒಗ್ಗುವುದಿಲ್ಲ ಅಂದವರು ಯಾರು? ತಾಂಡಾದವಳಿಂದ ಕಲಿತು, ತಾಂಡಾಕ್ಕೆ ಬಾಗಿಲು ಹಾಕಿದವರು!

ಟ್ರೇನಿಂಗ್ ಇಲ್ಲವೆಂಬುದೂ ಹಸಿ ಸುಳ್ಳು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮೀಜಿ 1997ರಲ್ಲಿ ಕಟ್ಟಿದ 'ಶಿವಸಂಚಾರ' ತಂಡ ವರ್ಷವರ್ಷವೂ ನಾಟಕ ಹೊತ್ತು ಊರೂರು ತಿರುಗುತ್ತದೆ. ನಟನೆ ಕಲಿಸುವ ಶಾಲೆಯೂ ಅಲ್ಲೇ ಇದೆ. (ಮಠದ ಬಗ್ಗೆ ನನಗೆ ನೂರು ತಕರಾರುಗಳಿವೆ, ಇದೊಂದನ್ನು ಮೆಚ್ಚದೆ ಇರಲಾರೆ.) ಮೈಕಿಲ್ಲದೆ ಕೊನೆಯ ಸಾಲಿಗೆ ದನಿ ಮುಟ್ಟಿಸುವ ಹುಡುಗಿಯರು ಅಲ್ಲಿ ತಯಾರಾಗುತ್ತಾರೆ. ಬೆಂಗಳೂರಿಗೆ ಹೋದರೆ ಸಿಗುವುದು ಮನೆಗೆಲಸದವಳ ಪಾತ್ರ, ಕಾಫಿ ತಂದಿಟ್ಟು ಒಳಗೆ ಹೋಗುವ ಎರಡು ಮಾತು.

ವಾಹಿನಿಗಳ ದೊರೆಗಳೇ, ನಮ್ಮ ಗೋಳು ಹುಡುಕಿಕೊಂಡು ಓಬಿ ವ್ಯಾನಿನಲ್ಲಿ ಹಟ್ಟಿಯವರೆಗೂ ಬರುತ್ತೀರಲ್ಲ, ದಾರಿ ನಿಮಗೆ ಗೊತ್ತೇ ಇದೆ. ಮುಂದಿನ ಧಾರಾವಾಹಿಯ ಆಡಿಷನ್ ಸಾಣೇಹಳ್ಳಿಯಲ್ಲಿ ಇಡಿ, ಹೊಳಲ್ಕೆರೆಯಲ್ಲಿ ಇಡಿ. ನಾಯಕಿಯ ಪಾತ್ರಕ್ಕೇ ಇಡಿ.