ತುರ್ತು ಕರೆ ಕೇಂದ್ರಗಳಲ್ಲಿ ಎಸ್.ಎಂ.ಎಸ್. ಸಂದೇಶಗಳ ನಿರ್ವಹಣೆ: ಒಂದು ಅವಲೋಕನ

1. ಪೀಠಿಕೆ

ಅಪಘಾತ, ಅಗ್ನಿ ಅನಾಹುತ, ಹಲ್ಲೆ ಮುಂತಾದ ಸಂದರ್ಭಗಳಲ್ಲಿ ದೂರವಾಣಿ ಕರೆ ಮಾಡಿ ನೆರವು ಕೋರುವುದು ರೂಢಿ. ಆದರೆ ಶ್ರವಣದೋಷ ಅಥವಾ ವಾಕ್‌ದೋಷವುಳ್ಳವರಿಗೆ ಕರೆಯ ಸೌಲಭ್ಯವಿದ್ದೂ ಇಲ್ಲದಂತೆಯೇ ಸರಿ. ಮನೆಗೆ ನುಗ್ಗಿದವರ ಕಣ್ಣು ತಪ್ಪಿಸಿ ಅಡಗಿ ಕುಳಿತವರು ಹಾಗೂ ಹಲ್ಲೆ ಮಾಡುವವನ ಎದುರಿನಲ್ಲೇ ಇರುವ ಮಹಿಳೆಯರು ಬಾಯಿ ತೆರೆದರೆ ಪ್ರಾಣಕ್ಕೇ ಅಪಾಯ. ಇಂಥವರಿಗಾಗಿ ಹಲವು ದೇಶಗಳ ತುರ್ತು ಕೇಂದ್ರಗಳು ಎಸ್.ಎಂ.ಎಸ್. ಸಂದೇಶಗಳನ್ನೂ ಸ್ವೀಕರಿಸುತ್ತಿವೆ. ಈ ಸಂದೇಶಗಳನ್ನು ನಿರ್ವಹಿಸುವ ಬಗೆ ಹಾಗೂ ಸಾರ್ವಜನಿಕರು ತಿಳಿದಿರಬೇಕಾದ ಮಿತಿಗಳನ್ನು ಇಲ್ಲಿ ವಿವರಿಸಲಾಗಿದೆ.

2. ಕರೆಗೂ ಸಂದೇಶಕ್ಕೂ ಇರುವ ವ್ಯತ್ಯಾಸ

ಕರೆ ಸ್ವೀಕೃತವಾದ ಕೂಡಲೇ ಎರಡೂ ಕಡೆಯವರಿಗೆ ಅದು ತಿಳಿಯುತ್ತದೆ. ಕರೆ ಮಾಡಿದವರು ಮಾತನಾಡಲಾಗದೆ ಹೋದರೂ ಹಿನ್ನೆಲೆಯ ಸದ್ದಿನಿಂದ ಸಿಬ್ಬಂದಿಯು ಪರಿಸ್ಥಿತಿಯನ್ನು ಊಹಿಸಬಹುದು. ಎಸ್.ಎಂ.ಎಸ್. ಹಾಗಲ್ಲ. ಅದು ಮೊದಲು ದೂರಸಂಪರ್ಕ ಸಂಸ್ಥೆಯ ಸಂದೇಶ ಕೇಂದ್ರದಲ್ಲಿ ಶೇಖರವಾಗಿ, ಅನಂತರ ಮುಂದಕ್ಕೆ ರವಾನೆಯಾಗುತ್ತದೆ. ಜಾಲದಲ್ಲಿ ದಟ್ಟಣೆಯಿದ್ದಲ್ಲಿ ವಿಳಂಬವಾಗಬಹುದು. ಕೆಲವೊಮ್ಮೆ ತಲುಪದೆಯೂ ಇರಬಹುದು. ಕಳುಹಿಸಿದವರ ಮೊಬೈಲ್‌ನಲ್ಲಿ ಮಾತ್ರ ಸಂದೇಶ ಹೋಗಿದೆಯೆಂದೇ ತೋರುತ್ತದೆ.

ಕಚೇರಿಗೆ ಅರ್ಜಿ ಸಲ್ಲಿಸಿದವರು ಸ್ವೀಕೃತಿ ಪತ್ರವನ್ನು ಪಡೆಯುವವರೆಗೆ ಅರ್ಜಿ ದಾಖಲಾಯಿತೆಂದು ಭಾವಿಸುವುದಿಲ್ಲ. ತುರ್ತು ಸಂದೇಶಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಕೇಂದ್ರದಿಂದ ಉತ್ತರ ಬರುವವರೆಗೆ ಸಂದೇಶ ತಲುಪಿದೆಯೆಂದು ನಂಬಿ ಕುಳಿತುಕೊಳ್ಳುವಂತಿಲ್ಲ.

3. ಅಮೆರಿಕದ ಅನುಭವ

ಅಮೆರಿಕದಲ್ಲಿ 911 ಸಂಖ್ಯೆಗೆ ಸಂದೇಶ ಕಳುಹಿಸುವ ಸೌಲಭ್ಯವು 2009ರ ಆಗಸ್ಟ್‌ನಲ್ಲಿ ಅಯೋವಾ ರಾಜ್ಯದ ಬ್ಲ್ಯಾಕ್ ಹಾಕ್ ಕೌಂಟಿಯಲ್ಲಿ ಮೊದಲಿಗೆ ಆರಂಭವಾಯಿತು. ನಾಲ್ಕು ಪ್ರಮುಖ ದೂರಸಂಪರ್ಕ ಸಂಸ್ಥೆಗಳು 2014ರ ಮೇ ತಿಂಗಳಿನಿಂದ, ಕೋರಿಕೆ ಸಲ್ಲಿಸುವ ಕೇಂದ್ರಗಳಿಗೆ ಈ ಸೇವೆಯನ್ನು ಒದಗಿಸಲು ಒಪ್ಪಿದವು. ಸಂದೇಶವನ್ನು ಸ್ವೀಕರಿಸುವ ವಿಧಾನ ಎಲ್ಲ ಕೇಂದ್ರಗಳಲ್ಲಿ ಒಂದೇ ಆಗಿಲ್ಲ. ಕೆಲವೆಡೆ ಅದು ಕರೆ ನಿರ್ವಹಿಸುವ ಉಪಕರಣದಲ್ಲೇ ಮೂಡುತ್ತದೆ. ಕೆಲವೆಡೆ ಸಿಬ್ಬಂದಿಯು ಗಣಕಯಂತ್ರದ ಬ್ರೌಸರ್‌ನಲ್ಲಿ ಓದಿ ಉತ್ತರಿಸುತ್ತಾರೆ. ಇನ್ನು ಕೆಲವೆಡೆ ಶ್ರವಣದೋಷವುಳ್ಳವರ ಟೆಲಿಟೈಪ್ ಯಂತ್ರಗಳಿಗೆ ಹೊಂದುವಂತೆ ಪರಿವರ್ತಿಸಲಾಗುತ್ತದೆ.

ಈ ಸೌಲಭ್ಯ ದೇಶದ ಎಲ್ಲ ಕಡೆ ಏಕಕಾಲಕ್ಕೆ ಬರಲಿಲ್ಲ. ಆದ್ದರಿಂದ ಸೌಲಭ್ಯವಿಲ್ಲದ ಪ್ರದೇಶದಿಂದ ಸಂದೇಶ ಬಂದಲ್ಲಿ, ಅದು ತಲುಪಿಲ್ಲ, ಕರೆ ಮಾಡಿರಿ ಎಂಬ ಉತ್ತರವನ್ನು ಸ್ವಯಂಚಾಲಿತವಾಗಿ ಕಳುಹಿಸತಕ್ಕದ್ದೆಂದು ಅಲ್ಲಿನ ಸಂಪರ್ಕ ಆಯೋಗವು 2013ರಲ್ಲಿ ನಿಯಮ ರೂಪಿಸಿತು. ಅಪಾಯದಲ್ಲಿರುವವರು ಬಾರದ ನೆರವಿಗಾಗಿ ಕಾಯುತ್ತ ಕುಳಿತುಕೊಳ್ಳದಂತೆ ತಡೆದ ಈ ನಿಯಮವೇ ಇಡೀ ವ್ಯವಸ್ಥೆಯ ಅತ್ಯಂತ ಉಪಯುಕ್ತ ಅಂಶವೆನ್ನಬಹುದು. ಸಾಧ್ಯವಿದ್ದಲ್ಲಿ ಕರೆ, ಸಾಧ್ಯವಿಲ್ಲದಲ್ಲಿ ಮಾತ್ರ ಸಂದೇಶ ಎಂಬುದು ಅಲ್ಲಿನ ಸ್ಪಷ್ಟ ಸೂಚನೆ.

4. ಬ್ರಿಟನ್ನಿನ ಕ್ರಮ

ಬ್ರಿಟನ್ನಿನಲ್ಲಿ 2009ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಸೇವೆಯಲ್ಲಿ ಬಳಕೆದಾರರು ತಮ್ಮ ಮೊಬೈಲ್ ಸಂಖ್ಯೆಯನ್ನು ಮುಂಚಿತವಾಗಿ ನೋಂದಾಯಿಸಿಕೊಳ್ಳಬೇಕು. 999ಕ್ಕೆ ಬಂದ ಸಂದೇಶವನ್ನು ಮಧ್ಯವರ್ತಿ ಸಿಬ್ಬಂದಿಯು ಪೊಲೀಸ್, ಅಗ್ನಿಶಾಮಕ ಅಥವಾ ಆಂಬುಲೆನ್ಸ್ ಸೇವೆಯವರಿಗೆ ಓದಿ ಹೇಳಿ, ಅವರ ಪ್ರಶ್ನೆಯನ್ನು ಬೆರಳಚ್ಚಿಸಿ ಹಿಂದಿರುಗಿಸುತ್ತಾರೆ. ಇದರಿಂದ ವಿಶೇಷ ಉಪಕರಣವಿಲ್ಲದ ಠಾಣೆಗೂ ಸಂದೇಶ ಮುಟ್ಟುತ್ತದೆ. ಆದರೆ ಪ್ರತಿ ಪ್ರಶ್ನೋತ್ತರಕ್ಕೂ ಹೆಚ್ಚಿನ ಸಮಯ ತಗಲುತ್ತದೆ. ನೋಂದಣಿಯನ್ನು ಆಪತ್ತಿನ ಕಾಲಕ್ಕೆ ಬಿಡದೆ ಮೊದಲೇ ಮಾಡಿಕೊಂಡಿರಬೇಕಾದುದೂ ಅನಿವಾರ್ಯ.

5. ಭಾರತದಲ್ಲಿ 112

2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಘೋರ ಘಟನೆಯ ನಂತರ ನೇಮಕಗೊಂಡ ನ್ಯಾಯಮೂರ್ತಿ ಉಷಾ ಮೆಹ್ರಾ ಆಯೋಗದ ಶಿಫಾರಸಿನ ಹಿನ್ನೆಲೆಯಲ್ಲಿ, ನಿರ್ಭಯಾ ನಿಧಿಯ ನೆರವಿನಿಂದ 112 ತುರ್ತು ಸ್ಪಂದನ ವ್ಯವಸ್ಥೆಯನ್ನು ರೂಪಿಸಲಾಯಿತು. 2018ರ ನವೆಂಬರ್‌ನಲ್ಲಿ ಹಿಮಾಚಲ ಪ್ರದೇಶದಲ್ಲಿ ಮೊದಲಿಗೆ ಜಾರಿಗೆ ಬಂದ ಈ ವ್ಯವಸ್ಥೆಯು 2019ರಲ್ಲಿ ಕರ್ನಾಟಕದಲ್ಲಿಯೂ ಆರಂಭವಾಯಿತು. ಧ್ವನಿ ಕರೆಯಲ್ಲದೆ ಎಸ್.ಎಂ.ಎಸ್., ಇ-ಮೇಲ್, ಜಾಲತಾಣ ಹಾಗೂ 112 ಇಂಡಿಯಾ ಆ್ಯಪ್ ಮೂಲಕವೂ ಕೋರಿಕೆ ಸ್ವೀಕರಿಸುವಂತೆ ಇದನ್ನು ವಿನ್ಯಾಸಗೊಳಿಸಲಾಗಿದೆ.

ಮಾತನಾಡಲು ಆಗದವರಿಗೆ ಇನ್ನೊಂದು ಮಾರ್ಗವೂ ಇದೆ. ಸಾಮಾನ್ಯ ಮೊಬೈಲ್‌ನಲ್ಲಿ 5 ಅಥವಾ 9ರ ಗುಂಡಿಯನ್ನು ದೀರ್ಘವಾಗಿ ಒತ್ತಿದಲ್ಲಿ, ಸ್ಮಾರ್ಟ್‌ಫೋನ್‌ನಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಮೂರು ಬಾರಿ ಒತ್ತಿದಲ್ಲಿ ತುರ್ತು ಕರೆ ಹೋಗುವಂತಿರಬೇಕೆಂದು ಕೇಂದ್ರ ಸರ್ಕಾರದ 2016ರ ನಿಯಮಗಳು ವಿಧಿಸಿವೆ.

6. ಕನ್ನಡದಲ್ಲಿ ಬರೆಯುವವರಿಗೆ ವಿಶೇಷ ಸೂಚನೆ

ಇಂಗ್ಲಿಷ್ ಲಿಪಿಯ ಒಂದು ಎಸ್.ಎಂ.ಎಸ್.ನಲ್ಲಿ 160 ಚಿಹ್ನೆಗಳಿಗೆ ಅವಕಾಶವಿದ್ದರೆ, ಯೂನಿಕೋಡ್ ಕನ್ನಡದಲ್ಲಿ ಸಾಮಾನ್ಯವಾಗಿ 70ಕ್ಕೆ ಮಾತ್ರ. ಓದುವಾಗ ಒಂದೇ ಅಕ್ಷರವಾದ ‘ಕ್ಷಿ’ ಗಣನೆಯಲ್ಲಿ ನಾಲ್ಕಾಗುತ್ತದೆ. ಮಿತಿ ಮೀರಿದ ಸಂದೇಶವು ತುಂಡುಗಳಾಗಿ ಹೋಗಿ, ಒಂದು ತುಂಡು ತಡವಾದಲ್ಲಿ ಪೂರ್ಣ ವಿಷಯ ತಿಳಿಯುವುದಿಲ್ಲ. ಆದುದರಿಂದ ಸ್ಥಳವನ್ನೇ ಮೊದಲು ಬರೆಯತಕ್ಕದ್ದು. ಉದಾಹರಣೆಗೆ: ‘ಹಾಸನ, ರೈಲು ನಿಲ್ದಾಣದ ಎದುರಿನ ಮನೆಗೆ ಬೆಂಕಿ. 2 ಜನ ಒಳಗೆ. ಮಾತನಾಡಲಾಗದು.’ ಇದು 63 ಚಿಹ್ನೆಗಳಲ್ಲೇ ಮುಗಿಯುತ್ತದೆ.

7. ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಅ) ಮಾತನಾಡಲು ಸಾಧ್ಯವಿದ್ದಲ್ಲಿ ಕರೆಯನ್ನೇ ಮಾಡುವುದು.
ಆ) ಸಂದೇಶದಲ್ಲಿ ಊರು, ಗುರುತಿನ ಸ್ಥಳ, ಆಗಿರುವುದೇನು, ಎಷ್ಟು ಜನ ಎಂಬುದನ್ನು ಇದೇ ಕ್ರಮದಲ್ಲಿ ಬರೆಯುವುದು.
ಇ) ಮಾತನಾಡಲು ಆಗದಿರುವುದನ್ನು ಸ್ಪಷ್ಟವಾಗಿ ತಿಳಿಸುವುದು. ಇಲ್ಲವಾದಲ್ಲಿ ಸಿಬ್ಬಂದಿಯು ಮರಳಿ ಕರೆ ಮಾಡಬಹುದು. ಗಂಟೆಯ ಸದ್ದು ಅಡಗಿರುವವರನ್ನು ತೋರಿಸಿಕೊಟ್ಟೀತು. ಮೊಬೈಲ್‌ನ ಸದ್ದನ್ನು ನಿಲ್ಲಿಸಿಡುವುದು.
ಈ) ಉತ್ತರ ಬಾರದಿದ್ದಲ್ಲಿ ಮತ್ತೊಮ್ಮೆ ಕಳುಹಿಸಿ, ಬೇರೆ ಮಾರ್ಗವನ್ನೂ ಅನುಸರಿಸುವುದು.
ಉ) ಪರೀಕ್ಷೆಗಾಗಿ ಅಥವಾ ತಮಾಷೆಗಾಗಿ ಸಂದೇಶ ಕಳುಹಿಸದಿರುವುದು.

8. ಉಪಸಂಹಾರ

ಹೊಸ ಮಾರ್ಗವೊಂದನ್ನು ತೆರೆದ ಮಾತ್ರಕ್ಕೆ ಸೇವೆ ಪೂರ್ಣವಾಗುವುದಿಲ್ಲ. ತಲುಪಿದ್ದರೆ ತಲುಪಿತೆಂದೂ, ಇಲ್ಲವಾದರೆ ಇಲ್ಲವೆಂದೂ ಕೂಡಲೇ ತಿಳಿಸುವುದು ಕೇಂದ್ರದ ಹೊಣೆ. ಆ ಉತ್ತರವನ್ನು ನಿರೀಕ್ಷಿಸುವುದು ನಾಗರಿಕರ ಹಕ್ಕು. ಮನೆಯಲ್ಲಿ ಶ್ರವಣದೋಷ ಅಥವಾ ವಾಕ್‌ದೋಷವುಳ್ಳವರು ಇದ್ದಲ್ಲಿ, ಆ್ಯಪ್‌ನಲ್ಲಿ ಅವರ ವಿವರಗಳನ್ನು ಇಂದೇ ದಾಖಲಿಸಿ, ಬಳಸುವ ಕ್ರಮವನ್ನು ಮನೆಮಂದಿಯೆಲ್ಲ ತಿಳಿದುಕೊಂಡಿರಬೇಕೆಂದು ಕೋರಲಾಗಿದೆ.