ತಲೆಗೆ ಕಾನೂನುಂಟು, ಪಾದಕ್ಕೆ ಯಾರುಂಟು?

ತಲಕಾಡಿಗೆ ಬಂದ ಯಾತ್ರಿಕರು ಕಾಲಿಗೆ ಮರಳು ಮೆತ್ತಿಕೊಂಡು ಹಿಂದಿರುಗುತ್ತಾರೆ. ಹೊತ್ತಾರೆ ಎದ್ದು ಫಟಫಟಿ ಏರಿ ಹೊರಟ ತಲಕಾಡಿನವರಿಗೆ ಟಿ. ನರಸೀಪುರ ಮುಟ್ಟುವ ಹೊತ್ತಿಗೆ ಕಾಲು ಇದೆಯೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ! ಧನುರ್ಮಾಸದ ಮಂಜು, ಕಾವೇರಿ ಬಯಲಿನ ಗಾಳಿ, ಮಾಧವ ಮಂತ್ರಿ ನಾಲೆಯ ಗದ್ದೆಗಳ ತೇವ, ಮೂರೂ ಸೇರಿ ಮೊಣಕಾಲಿನಿಂದ ಕೆಳಗೆ ಎಲ್ಲ ಮರಗಟ್ಟಿ ಹೋಗಿರುತ್ತದೆ. ಮಳೆಗಾಲದ ಕಥೆ ಬೇರೆ. ಆಗ ಚಳಿಯ ಜತೆಗೆ ಕೆಸರು.

ಬಸ್ಸಿನ ಕಿಟಕಿ ಎಳೆದುಕೊಂಡು ಬೆಚ್ಚಗೆ ಕೂತವರು ಇವರನ್ನು ನೋಡಿ "ಪಾಪ, ಯಾಕೆ ಹಿಂಗೆ ನೆನ್ಕೊಂಡು ಹೋಗ್ತಾರೋ" ಅನ್ನಬಹುದು. ಶೋಕಿಗಲ್ಲ ಸ್ವಾಮಿ. ಹಾಲಿನ ಕ್ಯಾನು, ತರಕಾರಿ ಮೂಟೆ ಹೊತ್ತವರು, ಕಾರ್ಖಾನೆಯ ಪಾಳಿಗೆ ಓಡುವವರು, ಬಸ್ಸಿನ ವೇಳೆ ತಮ್ಮ ಕೆಲಸದ ವೇಳೆಗೆ ಹೊಂದದವರು ಇನ್ನೇನು ಮಾಡಬೇಕು?

ತಲೆಯ ಯೋಗಕ್ಷೇಮವನ್ನು ಸರ್ಕಾರ ನೋಡಿಕೊಂಡಿದೆ. 1988ರ ಮೋಟಾರು ವಾಹನ ಕಾಯ್ದೆ ಹೆಲ್ಮೆಟ್ ಹಾಕು ಅಂದಿತು. 2016ರ ಜನವರಿಯಿಂದ ಕರ್ನಾಟಕದಲ್ಲಿ ಹಿಂದೆ ಕೂತವರಿಗೂ ಅದು ಕಡ್ಡಾಯವಾಯಿತು. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಮರೆ ಇರಬೇಕು, ಕಾಲಿಡಲು ಆಸರೆ ಇರಬೇಕು ಎಂದು 1989ರ ಕೇಂದ್ರ ನಿಯಮಗಳು ಹೇಳಿದವು. ಸರಿಯಾದ ಮಾತೇ. ಆದರೆ ಆ ಆಸರೆಯ ಮೇಲೆ ಇಡುವ ಪಾದದ ಗತಿ? ಚಪ್ಪಲಿ ಹಾಕಿ ಓಡಿಸಿದರೆ ದಂಡ ಬೀಳುತ್ತದೆಂದು 2019ರಲ್ಲಿ ಗುಲ್ಲೆದ್ದಾಗ, ಅಂಥ ನಿಯಮವೇ ಇಲ್ಲವೆಂದು ಕೇಂದ್ರ ಸಾರಿಗೆ ಸಚಿವರ ಕಚೇರಿಯೇ ಹೇಳಿತು. ದಂಡವಿಲ್ಲದ್ದು ಒಳ್ಳೆಯದೇ ಆಯಿತು. ಕೂಲಿಗೆ ಹೋಗುವವನ ಜೇಬಿಗೆ ಇನ್ನೊಂದು ಕತ್ತರಿ ಯಾಕೆ? ಆದರೆ ದಂಡವಿಲ್ಲ ಅಂದಮಾತ್ರಕ್ಕೆ ಅಪಾಯವಿಲ್ಲ ಅಂತಲ್ಲ.

ಗಾಡಿ ಓಡಿಸುವುದರಲ್ಲಿ ಅರ್ಧ ಕೆಲಸ ಕಾಲಿನದು. ಮೋಟಾರ್ ಸೈಕಲ್ಲಿನಲ್ಲಿ ಎಡಗಾಲು ಗೇರಿಗೆ, ಬಲಗಾಲು ಹಿಂದಿನ ಬ್ರೇಕಿಗೆ. ಒದ್ದೆ ಬಟ್ಟೆಯಲ್ಲಿನ ನೀರು ಗಾಳಿಗೆ ಆರುತ್ತಾ ಮೈಯ ಕಾವನ್ನೂ ಎಳೆದುಕೊಂಡು ಹೋಗುತ್ತದೆ. ಚಳಿ ಹೆಚ್ಚಾದಾಗ ದೇಹ ಎದೆ, ಹೊಟ್ಟೆಯ ಕಾವು ಉಳಿಸಿಕೊಳ್ಳಲು ಕೈಕಾಲು ಬೆರಳಿಗೆ ಹೋಗುವ ರಕ್ತವನ್ನು ಕಮ್ಮಿ ಮಾಡುತ್ತದೆ. ಮರಗಟ್ಟಿದ ಕಾಲಿಗೆ ಬ್ರೇಕು ಎಲ್ಲಿದೆ ಎಂದು ಹುಡುಕಲು ಅರ್ಧ ಸೆಕೆಂಡು ತಡವಾಯಿತೆನ್ನಿ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಅಷ್ಟರಲ್ಲಿ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ಎದುರಿಗೆ ಎತ್ತಿನ ಗಾಡಿಯೋ ಸ್ಕೂಲ್ ಮಗುವೋ ಇದ್ದರೆ ಆ ಐದೂವರೆ ಮೀಟರೇ ಎಲ್ಲ.

ಸಕ್ಕರೆ ಕಾಯಿಲೆಯವರ ಪಾಡು ಇನ್ನೂ ಕಷ್ಟ. ಅವರಲ್ಲಿ ಅನೇಕರಿಗೆ ಪಾದದ ಸ್ಪರ್ಶವೇ ಕುಂದಿರುತ್ತದೆ. ಸೈಲೆನ್ಸರ್ ಸುಟ್ಟರೂ ಗೊತ್ತಾಗದು, ಒದ್ದೆ ಬೂಟು ಉಜ್ಜಿ ಗಾಯವಾದರೂ ಗೊತ್ತಾಗದು. ಸಣ್ಣ ಗಾಯ ಕೊಳೆತು ಬೆರಳನ್ನೇ ತೆಗೆಯಬೇಕಾಗಿ ಬರುವುದುಂಟು.

ಇಷ್ಟಕ್ಕೂ ಕಾಲು ನೆನೆಯುವುದು ಆಕಾಶದ ಮಳೆಯಿಂದಲೇ ಅಲ್ಲ. ಮೇಲಿನ ಮಳೆಗೆ ರೇನ್ ಕೋಟು ಉಂಟು. ಪಾದ ನೆನೆಸುವುದು ಮುಂದಿನ ಚಕ್ರ ರಸ್ತೆಯಿಂದ ಎತ್ತಿ ಎರಚುವ ಕೆಸರು ನೀರು. ಹಳೆಯ ಸ್ಕೂಟರುಗಳಿಗೆ ಮುಂದೆ ಅಗಲವಾದ ತಗಡು ಇರುತ್ತಿತ್ತು. ಕಾಲು ಅದರ ಮರೆಯಲ್ಲಿ ಕ್ಷೇಮ. ಮೋಟಾರ್ ಸೈಕಲ್ಲಿಗೆ ಆ ಭಾಗ್ಯವಿಲ್ಲ. ಮೈಸೂರಿನಲ್ಲೇ 1961ರಿಂದ 1996ರವರೆಗೆ ನಡೆದ ಕಾರ್ಖಾನೆಯಿಂದ ಹೊರಬಿದ್ದ ಜಾವಾ, ಯೆಜ್ಡಿಗಳ ಸವಾರರೂ ಹೀಗೆಯೇ ನೆನೆದವರು.

ಹಾಗಾದರೆ ಮಾಡುವುದೇನು? ಸಾವಿರಾರು ರೂಪಾಯಿಯ ಬೂಟು ಕೊಳ್ಳಿರೆಂದರೆ ಜನ ನಗುತ್ತಾರೆ. ಬೇಕಾಗಿಲ್ಲ. ಮುಂದಿನ ಮಡ್‌ಗಾರ್ಡಿನ ತುದಿಗೆ ಒಂದು ರಬ್ಬರ್ ಫ್ಲಾಪು ಬಿಗಿಸಿದರೆ ಎರಚುವ ನೀರು ಬಹಳಷ್ಟು ತಗ್ಗುತ್ತದೆ. ಲೆಗ್ ಗಾರ್ಡಿನ ಎರಡು ಬದಿಗೆ ರೆಕ್ಸಿನ್ ಹೊಲಿಸಿದರೆ ಗಾಳಿಯೂ ತಡೆಯುತ್ತದೆ. ಸೀಟು ಹೊಲಿಯುವವರಿಗೆ ಅದು ಅರ್ಧ ಗಂಟೆಯ ಕೆಲಸ. ಮಧ್ಯದ ಭಾಗ ಮಾತ್ರ ಬಿಡಬೇಕು, ಎಂಜಿನ್ನಿಗೆ ಗಾಳಿ ಆಡದಿದ್ದರೆ ಅದು ಕಾದು ಕೈಕೊಡುತ್ತದೆ.

ಗಂಬೂಟು ಹಾಕುವವರು ಪ್ಯಾಂಟನ್ನು ಬೂಟಿನೊಳಗೆ ತುರುಕುತ್ತಾರೆ. ಆಗ ತೊಡೆಯ ಮೇಲಿನ ನೀರೆಲ್ಲ ಸೀದಾ ಬೂಟಿಗೇ ಇಳಿದು ತುಂಬುತ್ತದೆ! ಮಳೆ ಪ್ಯಾಂಟು ಬೂಟಿನ ಮೇಲೆ ಬರಬೇಕು. ಬೂಟಿನ ಮೂತಿ ಗೇರಿನ ಕೆಳಗೆ ಹೊಗುತ್ತದೆಯೇ ಎಂದು ಮನೆಯಂಗಳದಲ್ಲೇ ನೋಡಿಕೊಳ್ಳಬೇಕು. ಗಂಬೂಟಿಲ್ಲದವರು ಒಣ ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಕವರು ಹಾಕಿ ಬೂಟು ತೊಟ್ಟರೂ ಸಾಕು. ಬೂಟಿನ ಹೊರಗೆ ಕಟ್ಟಿದರೆ ಕಾಲು ಜಾರುತ್ತದೆ, ಸೈಲೆನ್ಸರಿಗೆ ತಾಗಿ ಕರಗುತ್ತದೆ. ಇನ್ನೊಂದು ಜತೆ ಕಾಲುಚೀಲ ಜೇಬಿನಲ್ಲಿರಲಿ. ನೆನೆದ ಬೂಟನ್ನು ಒಲೆಯ ಮುಂದಿಟ್ಟರೆ ಅಂಟು ಬಿಡುತ್ತದೆ. ಓದಿ ಮುಗಿಸಿದ ಪೇಪರನ್ನು ಉಂಡೆ ಮಾಡಿ ಒಳಗೆ ತುಂಬಿಟ್ಟರೆ ತೇವ ಹೀರಿಕೊಳ್ಳುತ್ತದೆ. ಸಂಜೆ ಪತ್ರಿಕೆಯಿಂದ ಇಷ್ಟಾದರೂ ಉಪಕಾರವಾಗಲಿ!

ಆದರೆ ಎಲ್ಲವನ್ನೂ ಸವಾರನ ಮೇಲೆ ಹೊರಿಸುವುದು ನ್ಯಾಯವಲ್ಲ. ಅಂಗಡಿಗಳಲ್ಲಿ ಹೆಲ್ಮೆಟ್ ಸಾಲಾಗಿ ನೇತುಹಾಕಿರುತ್ತಾರೆ. ಅದರ ಪಕ್ಕ ನಾಲ್ಕು ರಬ್ಬರ್ ಫ್ಲಾಪು, ಎರಡು ಜತೆ ಮಳೆ ಪ್ಯಾಂಟು ಇಟ್ಟರೆ ವ್ಯಾಪಾರಕ್ಕೆ ವ್ಯಾಪಾರವೂ ಆಯಿತು, ಪುಣ್ಯಕ್ಕೆ ಪುಣ್ಯವೂ ಬಂತು. ಗಾಡಿ ಮಾರುವವರು ಬಣ್ಣದ ಸ್ಟಿಕ್ಕರಿಗಿಂತ ಮೊದಲು ಕಾಲಿನ ಮರೆಯ ಮಾತಾಡಲಿ. ರಸ್ತೆ ನೋಡಿಕೊಳ್ಳಬೇಕಾದವರು ಅಂಚಿನ ಚರಂಡಿ ಬಿಡಿಸಲಿ. ನಾಲೆಯ ನೀರು, ಮಳೆಯ ನೀರು ಟಾರಿನ ಮೇಲೆ ನಿಂತರೆ ಬೈಕಿನವರಿಗೂ ಕೆಸರಭಿಷೇಕ, ಬಸ್ಸಿಗೆ ಕಾಯುತ್ತಾ ರಸ್ತೆ ಬದಿ ನಿಂತವರಿಗೂ ಅದೇ ತೀರ್ಥ. ಬಸ್ಸಿಳಿದು ಮಗನ ಮೊಪೆಡ್ಡಿನ ಹಿಂದೆ ಕೂತು ಮನೆ ಸೇರುವ ತಾಯಂದಿರ ಕಾಲೂ ಇದೇ ನೀರಿನಲ್ಲಿ ನೆನೆಯುತ್ತದೆ.

ಚಳಿಗಾಲ ಮುಗಿದರೆ ಮಾತು ಮರೆಯುತ್ತದೆ, ಮಳೆ ಬಂದಾಗ ಮತ್ತೆ ನೆನಪಾಗುತ್ತದೆ. ಅಷ್ಟರಲ್ಲಿ ಯಾರ ಕಾಲೋ ಬ್ರೇಕಿನಿಂದ ಜಾರಿರುತ್ತದೆ. ಇಷ್ಟು ವರ್ಷ ಸವಾರನ ತಲೆಯನ್ನೇ ನೋಡುತ್ತಾ ಬಂದ ಸಂಬಂಧಪಟ್ಟವರು ಒಮ್ಮೆ ಕಣ್ಣು ಕೆಳಗೆ ಇಳಿಸಿ ನೋಡುವರೇ?